ಒಂದೇ ಎಲೆಯ ಪಂಕ್ತಿ

ನೀವು ಊಟಕ್ಕೆ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಮುಂದೆ ಬಾಳೆ ಎಲೆ ಇದೆ, ಅನ್ನ ಬಡಿಸಿದೆ. ಎಡಕ್ಕೆ ಯಾರೂ ಇಲ್ಲ, ಬಲಕ್ಕೂ ಯಾರೂ ಇಲ್ಲ. ಈಗ ಹೇಳಿ ನೋಡೋಣ, ನೀವು ಪಂಕ್ತಿಯಲ್ಲಿ ಕೂತಿದ್ದೀರೋ, ಸುಮ್ಮನೆ ಕೂತಿದ್ದೀರೋ?

ನಗಬೇಡಿ. ಈ ಪ್ರಶ್ನೆ ಹಿಡಿದುಕೊಂಡು ನಾನೂ ನನ್ನ ಗೆಳತಿಯೂ ಅರ್ಧ ಆಯುಷ್ಯ ವಾದ ಮಾಡಿದ್ದೇವೆ. ಗೆದ್ದವಳು ನಾನು. ಗೆದ್ದು ಏನು ಕಳೆದುಕೊಂಡೆ ಅಂತ ಹೇಳುವುದಕ್ಕೇ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿಕೊಂಡು ಕೂತಿದ್ದೇನೆ. ಮೊಮ್ಮಗಳು ಕಲಿಸಿ ಇನ್ನೂ ಹೆಚ್ಚು ದಿನ ಆಗಿಲ್ಲ. ಎಲ್ಲಾದರೂ ತಪ್ಪಿದ್ದರೆ ನನ್ನನ್ನು ಬೈಯಬೇಡಿ, ಫೋನನ್ನು ಬೈಯಿರಿ. ನನಗಿಂತ ತನಗೇ ಜಾಸ್ತಿ ಕನ್ನಡ ಬರುತ್ತದೆ ಅಂತ ಅದಕ್ಕೆ ಜಂಬ.

ನಾವಿಬ್ಬರೂ ಹೊಸನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಅಕ್ಕೋರು. ಪಾಠ ಹೇಳುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅಂತಲೇ ಹೆಸರು. ನಾನು ಸಾಗರದ ಕಡೆಯಿಂದ ಮದುವೆಯಾಗಿ ಹೊಸನಗರದ ಹತ್ತಿರದ ಮನೆಗೆ ಬಂದವಳು, ತೋಟದವರ ಮನೆ. ಅವಳು ತೀರ್ಥಹಳ್ಳಿಯವಳು. ಅವಳ ಅಜ್ಜ ನಮ್ಮಂಥವರ ಗದ್ದೆಯನ್ನು ಗೇಣಿಗೆ ಮಾಡಿದವರು. ಆಮೇಲೆ ಕಾನೂನು ಬಂದು ಗದ್ದೆ ಅವರದೇ ಆಯಿತು. ಆ ಮನೆಯಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೆಯವಳು ಅವಳು.

ಪಾಠಪುಸ್ತಕಕ್ಕೆ ಹೊಸದಾಗಿ ‘ಗಣ’ ಬಂದ ಕಾಲ ಅದು. ಮಕ್ಕಳಿಗೆ ಹೇಳಬೇಕಾದ ನಮಗೇ ಅದು ಗೊತ್ತಿರಲಿಲ್ಲ. ಕಲಿತು ಬನ್ನಿ ಅಂತ ತೀರ್ಥಹಳ್ಳಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಒಬ್ಬ ಲೆಕ್ಚರರ್ ಬೋರ್ಡಿನ ಮೇಲೆ ಸುತ್ತ ಒಂದು ಗೆರೆ ಎಳೆದು, ಒಳಗೆ ಚುಕ್ಕಿ ಇಟ್ಟು, “ಇದು ಗಣ, ಒಳಗಿರೋದು ಗಣಾಂಶ” ಅಂದರು. ಒಂದೇ ಚುಕ್ಕಿ ಇದ್ದರೆ ಏಕಾಂಶ ಗಣ. ಚುಕ್ಕಿಯೇ ಇಲ್ಲದೆ ಬರೀ ಗೆರೆ ಇದ್ದರೆ ಶೂನ್ಯ ಗಣ. ನಾವೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಇವಳು ಎದ್ದು ನಿಂತಳು.

“ಸಾರ್, ಇರೋಬರೋ ಗಣನೆಲ್ಲ ಸೇರಿಸಿ ಒಂದು ದೊಡ್ಡ ಗಣ ಮಾಡಿದ್ರೆ ಅದು ತನ್ನೊಳಗೆ ತಾನೂ ಇರುತ್ತಾ?”

ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. “ಎಲ್ಲರೂ ಟೀ ಕುಡ್ಕೊಂಡು ಬನ್ನಿ” ಅಂದರು. ಟೀ ಆದ ಮೇಲೆ ಬೀಜಗಣಿತ ಶುರುವಾಯಿತು. ನಾನು ನನ್ನ ಚೀಲ ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವತ್ತು ಹಿಡಿದ ಜಾಗ ನಿವೃತ್ತಿಯ ತನಕ ಬಿಡಬಾರದು ಅಂತಿದ್ದೆ.

ಮಕ್ಕಳಿಗೆ ಗಣ ಅಂದರೆ ಗಣಪತಿಯೇ. ‘ಗಣ ಎಂದರೇನು?’ ಅಂತ ಕೇಳಿದರೆ ‘ಶಿವನ ಸೇವಕರು’ ಅಂತ ಬರೆದು ತರುತ್ತಿದ್ದವು. ಒಂದು ಸಲ ಪರೀಕ್ಷೆಯಲ್ಲಿ ಶೂನ್ಯ ಗಣಕ್ಕೆ ಉದಾಹರಣೆ ಕೊಡಿ ಅಂದರೆ, ಒಬ್ಬ ಹುಡುಗಿ ‘ಗಣಪತಿ ಬಿಟ್ಟು ಬಂದ ಮೇಲೆ ಉಳಿಯುವ ಮಂಟಪ’ ಅಂತ ಬರೆದಿದ್ದಳು. ನಾನು ಸೊನ್ನೆ ಹಾಕಲು ಹೊರಟಿದ್ದೆ. ನನ್ನ ಗೆಳತಿ ಪೇಪರ್ ಕಸಿದುಕೊಂಡಳು.

“ಪೂರ್ತಿ ಮಾರ್ಕ್ಸ್ ಕೊಡೇ. ಮಂಟಪ ಕಟ್ಟದೇ ಇರೋ ಮೈದಾನ ಬೇರೆ, ಗಣಪತಿ ಹೋದ ಮಂಟಪ ಬೇರೆ. ಇದನ್ನ ನಿಂಗೆ ಆ ಲೆಕ್ಚರರ್ ಹೇಳಿಕೊಟ್ಟಿದ್ರಾ?”

ಹೀಗೆ ನಮ್ಮ ದಿನ ಹೋಗುತ್ತಿತ್ತು. ಗಣ ಅನ್ನುವುದು ನಾವು ಮಾಡಿಕೊಳ್ಳುವುದೋ, ನಾವಿಲ್ಲದಿದ್ದರೂ ಇರುವುದೋ? ಆಕಾಶದ ನಕ್ಷತ್ರಗಳನ್ನು ಯಾರೂ ಗುಂಪು ಅನ್ನದಿದ್ದರೂ ಅವು ಗುಂಪೇ? ಸ್ಟಾಫ್ ರೂಮಿನಲ್ಲಿ ಉಳಿದವರು ನಮ್ಮನ್ನು ನೋಡಿ ಕುರ್ಚಿ ಎಳೆದುಕೊಂಡು ಆ ಕಡೆ ಹೋಗುತ್ತಿದ್ದರು.

ಒಂದು ರಜೆಯ ದಿನ ಅವಳನ್ನು ಮನೆಗೆ ಊಟಕ್ಕೆ ಕರೆದೆ. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಬೆಳಗ್ಗೆಯಿಂದ ಖುಷಿಯಲ್ಲಿ ಓಡಾಡುತ್ತಿದ್ದರು. ಸೊಸೆಯ ಜೊತೆ ಕೆಲಸ ಮಾಡುವ ಅಕ್ಕೋರು ಬರುತ್ತಾರೆ ಅಂತ ತಂಬುಳಿ, ಪಾಯಸ, ಡಬ್ಬಿಯ ತಳದಲ್ಲಿ ಕಾದಿಟ್ಟಿದ್ದ ಹಲಸಿನ ಹಪ್ಪಳ, ಎಲ್ಲ ಆಯಿತು. ಆಮೇಲೆ ಎಲೆ ಹಾಕಿದರು. ಮನೆಯವರಿಗೆಲ್ಲ ಒಳಗೆ ಸಾಲಾಗಿ ಹಾಕಿ, ಅವಳಿಗೊಂದು ಎಲೆಯನ್ನು ಹೊಸ್ತಿಲಿನಾಚೆ ಜಗಲಿಯಲ್ಲಿ ಹಾಕಿದರು. ಲೋಟದ ನೀರಿನಲ್ಲಿ ಬೆರಳು ಅದ್ದಿ, ಆ ಎಲೆಗೂ ಹೊಸ್ತಿಲಿಗೂ ನಡುವೆ ನೆಲದ ಮೇಲೆ ಒಂದು ಗೆರೆ ಎಳೆದರು. ಹಳೆಯ ಕಾಲದವರು ಒಂದು ಪಂಕ್ತಿಯನ್ನು ಇನ್ನೊಂದರಿಂದ ಬೇರೆ ಮಾಡುತ್ತಿದ್ದದ್ದು ಹಾಗೆ. ನೀರಿನ ಗೆರೆ ಎಳೆದರೆ ಈಚೆಯದು ಒಂದು ಪಂಕ್ತಿ, ಆಚೆಯದು ಇನ್ನೊಂದು.

ನಾನು ಅತ್ತೆಯನ್ನು ಅಡುಗೆಮನೆಗೆ ಕರೆದು ಕೇಳಿದೆ, ಇದೇನು ಪಂಕ್ತಿಭೇದ ಅಂತ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಭೇದ ಎಂತದೇ? ಒಂದೇ ಎಲೆ ಹಾಕಿರೆ ಅದು ಪಂಕ್ತಿ ಆಗ್ತಿಲ್ಲೆ. ಪಂಕ್ತಿನೇ ಇಲ್ಲೆ ಅಂದ್ಮೇಲೆ ಭೇದ ಎಲ್ಲಿಂದ ಬಂತು?”

ಅತ್ತೆಯ ದನಿ ದೊಡ್ಡದು. ಜಗಲಿಗೆ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ.

ಬಡಿಸುವವಳು ನಾನು. ಸೌಟು ಹಿಡಿದುಕೊಂಡು ಆ ಗೆರೆಯನ್ನು ಅದೆಷ್ಟು ಸಲ ದಾಟಿದೆನೋ. ಸೌಟಿಗೆ ಗೆರೆ ಇರಲಿಲ್ಲ. ಅವಳು ಏನೂ ಆಗದವಳ ಹಾಗೆ ಕೂತು ತಂಬುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡಳು. ಹಪ್ಪಳವನ್ನು ಕಟುಂ ಕಟುಂ ಅಂತ ಕಡಿದಳು. ಆ ಶಬ್ದ ಒಳಗೆ ಕೂತವರಿಗೂ ಕೇಳಿಸಿತು. ಅತ್ತೆ, “ಅಕ್ಕೋರಿಗೆ ಹಪ್ಪಳ ಸೇರ್ತು ಕಾಣ್ತು, ಇನ್ನೊಂದು ಹಾಕೇ” ಅಂದರು. ಊಟ ಮುಗಿಯುವಷ್ಟರಲ್ಲಿ ನೀರಿನ ಗೆರೆ ಆರಿಹೋಗಿತ್ತು.

ಬಸ್ಸಿಗೆ ಬಿಡಲು ಹೋಗುವಾಗ ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. ಅವಳು ಬಿಡಲಿಲ್ಲ.

“ನಿಮ್ಮತ್ತೆ ಹೇಳಿದ್ದೇ ಸರಿ ಕಣೇ. ಒಂದು ಎಲೆ ಅಂದ್ರೆ ಒಂದು ಎಲೆ, ಅಷ್ಟೇ. ಹತ್ತು ಜನನ್ನ ಒಟ್ಟು ಮಾಡ್ದೆ ಅಂದ್ರೆ ಗೊತ್ತಾಗುತ್ತೆ. ಒಬ್ಬಳನ್ನೇ ಒಟ್ಟು ಮಾಡೋದು ಅಂದ್ರೆ ಎಂತ ಮಾಡಿದ ಹಾಗೆ?”

“ಪುಸ್ತಕದಲ್ಲಿ ಹಂಗಿಲ್ವಲ್ಲೇ” ಅಂದೆ ನಾನು. “ಏಕಾಂಶ ಗಣ ಬೇರೆ, ಅದರೊಳಗಿನ ಅಂಶ ಬೇರೆ. ಡಬ್ಬಿಯಲ್ಲಿ ಒಂದೇ ಉಂಡೆ ಇದ್ರೂ ಡಬ್ಬಿ ಬೇರೆ, ಉಂಡೆ ಬೇರೆ.”

“ಡಬ್ಬಿ ಕೈಗೆ ಸಿಗುತ್ತೆ ಮಾರಾಯ್ತಿ. ನಿನ್ನ ಗಣ ಕೈಗೆ ಸಿಗುತ್ತಾ? ಗೆರೆ ಆರಿದ ಮೇಲೆ ಎಲೆ ಬಿಟ್ಟು ಎಂತ ಉಳೀತು ಅಲ್ಲಿ?”

ಬಸ್ಸು ಬಂತು. ಮಾತು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನಗೆ ವಾದ ಅಂದರೆ ಪಾಯಸ ಇದ್ದ ಹಾಗೆ, ತಳ ಕಾಣುವವರೆಗೂ ಬಿಡುವುದಿಲ್ಲ. ಅವಳು ತಪ್ಪು ಹೇಳುತ್ತಿದ್ದಾಳೆ, ಅದೂ ನಮ್ಮ ಅತ್ತೆಯ ಪರವಾಗಿ ತಪ್ಪು ಹೇಳುತ್ತಿದ್ದಾಳೆ ಅಂತ ನನಗೆ ತಡೆಯಲಾಗಲಿಲ್ಲ. ಅತ್ತೆ ಮಾಡಿದ್ದು ಭೇದವೇ. ಅದನ್ನು ಭೇದ ಅಂತ ಸಾಧಿಸಿಕೊಟ್ಟರೆ ಗೆಳತಿಗೆ ನ್ಯಾಯ ಮಾಡಿದ ಹಾಗೆ ಅಂತಲೂ ಅಂದುಕೊಂಡಿದ್ದೆ. ದಿನಾ ಒಂದು ಹೊಸ ಉದಾಹರಣೆ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದೆ. ಅವಳು ಒಂದೊಂದನ್ನೂ ಊದಿ ಹಾರಿಸುತ್ತಿದ್ದಳು.

ಕೊನೆಗೆ ಒಂದು ದಿನ ಊಟದ ಬಿಡುವಿನಲ್ಲಿ ಅವಳಿಗೆ ಹಾರಿಸಲಾಗದ್ದು ನನಗೆ ಸಿಕ್ಕಿತು.

“ಕೇಳಿಲ್ಲಿ. ಶೂನ್ಯ ಗಣದೊಳಗೆ ಎಂತ ಇದೆ?”

“ಎಂತದೂ ಇಲ್ಲ.”

“ಆ ಶೂನ್ಯ ಗಣ ಒಂದನ್ನೇ ಇಟ್ಟು ಇನ್ನೊಂದು ಗಣ ಮಾಡ್ದೆ ಅಂದ್ರೆ, ಅದರೊಳಗೆ?”

“ಒಂದಿದೆ. ಶೂನ್ಯ ಗಣ.”

“ಏಕಾಂಶ ಗಣ, ಒಳಗಿನ ಅಂಶ ಎರಡೂ ಒಂದೇ ಅಂದ್ರೆ, ಇವೆರಡೂ ಒಂದೇ ಆಗ್ಬೇಕು. ಅಂದ್ರೆ ಎಂತದೂ ಇಲ್ಲ ಅನ್ನೋದೂ ಒಂದಿದೆ ಅನ್ನೋದೂ ಒಂದೇ ಆಗ್ಬೇಕು. ಆಗುತ್ತಾ?”

ಅವಳು ನನ್ನ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ಚಮಚ ಕೆಳಗಿಟ್ಟಳು. ನಾನು ಹುಡುಗಿಯ ಹಾಗೆ ಕುರ್ಚಿಯಲ್ಲೇ ಕುಣಿಯುತ್ತಿದ್ದೆ.

“ಆಗಲ್ಲ” ಅಂದಳು. “ನೀನೇ ಸರಿ. ಒಂದು ಎಲೆ ಹಾಕಿದ್ರೂ ಪಂಕ್ತಿನೇ. ಇನ್ನು ನಿಮ್ಮನೇಲಿ ನಂಗೆ ಉಣ್ಣಕ್ಕಾಗಲ್ಲ ಬಿಡು.”

“ಅಯ್ಯೋ, ಅದಕ್ಕೂ ಇದಕ್ಕೂ ಎಂತ ಸಂಬಂಧ?”

“ನೀ ಹೇಳಿದ್ದು ತಪ್ಪು ಅಂತ ನೀನೇ ತೋರ್ಸು. ಅವತ್ತೇ ಚಪ್ಪಲಿ ಮೆಟ್ಕೊಂಡು ಊಟಕ್ಕೆ ಬರ್ತೀನಿ.”

ತಪ್ಪು ಅಂತ ಬಾಯಲ್ಲಿ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದು ತಪ್ಪಲ್ಲವಲ್ಲ! ಗಣಿತ ಹೇಳುವವಳು ಸರಿ ಇದ್ದದ್ದನ್ನು ತಪ್ಪು ಅನ್ನುವುದು ಹೇಗೆ? ಸೋತ ಸಿಟ್ಟಿಗೆ ಹಾಗಂದಳು, ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಅಂದುಕೊಂಡೆ.

ಸಿಟ್ಟೇನೂ ಇರಲಿಲ್ಲ. ಶಾಲೆಯಲ್ಲಿ ಎಂದಿನ ಹಾಗೆ ನನ್ನ ಡಬ್ಬಿಗೆ ಕೈ ಹಾಕುತ್ತಿದ್ದಳು. ಎಂದಿನ ಹಾಗೆ ಜಗಳ ಆಡುತ್ತಿದ್ದಳು. ತೀರ್ಥಹಳ್ಳಿಗೆ ಹೋದಾಗಲೆಲ್ಲ ನಾನು ಅವಳ ಮನೆಯಲ್ಲಿ ಅವಳ ಅಮ್ಮನ ಕೈಯ ಕಡುಬು ತಿಂದಿದ್ದೇನೆ. ಅಲ್ಲಿ ಗೆರೆ ಎಳೆಯುವವರು ಯಾರೂ ಇರಲಿಲ್ಲ. ನಮ್ಮ ಮನೆಗೂ ಅವಳು ಬರುತ್ತಿದ್ದಳು, ಜಗಲಿಯಲ್ಲಿ ಕೂರುತ್ತಿದ್ದಳು, ಅತ್ತೆಯ ಜೊತೆ ಲೋಕದ ಮಾತೆಲ್ಲ ಆಡುತ್ತಿದ್ದಳು. ಒಂದು ಲೋಟ ಚಾ ಕೊಟ್ಟರೂ, “ಈಗಷ್ಟೇ ಆಯ್ತು ಅಮ್ಮ” ಅನ್ನುತ್ತಿದ್ದಳು. ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು, ತಪ್ಪು ಅಂತ ಸಿಕ್ಕಿತಾ ಅಂತ.

ಆಮೇಲೆ ವರ್ಗ ಆಯಿತು. ಅವಳು ತೀರ್ಥಹಳ್ಳಿಗೆ ಹೋದಳು, ನಾನು ಸಂಸಾರ ಕಟ್ಟಿಕೊಂಡು ಸಾಗರಕ್ಕೆ ಬಂದೆ. ಅತ್ತೆಯೂ ಜೊತೆಗೇ ಬಂದರು. ವಯಸ್ಸಾದ ಮೇಲೆ ಅವರಿಗೆ ಹಳೆಯ ಸಂಗತಿಗಳೇ ಜಾಸ್ತಿ ನೆನಪಾಗುತ್ತಿದ್ದವು. ಆಗಾಗ ಕೇಳುತ್ತಿದ್ದರು, “ಆ ಅಕ್ಕೋರು ಈಗ ಎಂತಕೆ ಬತ್ವಿಲ್ಲೆ? ನಾನು ಹಪ್ಪಳ ತೆಗೆದಿಟ್ಟಿದ್ದಿ ಹೇಳು.” ಹೇಳುತ್ತಿದ್ದೆ. ಅವಳು ಫೋನಿನಲ್ಲಿ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು. ಅತ್ತೆ ಹೋದರು. ನನ್ನ ಗಂಡನೂ ಹೋದರು. ಈಗ ಮನೆಯಲ್ಲಿ ಊಟಕ್ಕೆ ಟೇಬಲ್ಲು, ಸ್ಟೀಲಿನ ತಟ್ಟೆ. ನೀರಿನ ಗೆರೆ ಎಳೆಯುವುದಕ್ಕೆ ನೆಲದಲ್ಲಿ ಯಾರೂ ಕೂರುವುದೇ ಇಲ್ಲ. ಎಲ್ಲ ಸರಿಹೋಗಿದೆ ನೋಡಿ, ಅವಳು ಒಂದು ತುತ್ತು ಉಣ್ಣಲಿಲ್ಲ ಅನ್ನುವುದೊಂದು ಬಿಟ್ಟು.

ನನ್ನ ಮೊಮ್ಮಗಳು ಗಣಿತದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಈಚೆಗೆ ರಜೆಗೆ ಬಂದವಳಿಗೆ ಹಪ್ಪಳ ಕರಿದು ಕೊಡುತ್ತ, ನನ್ನ ಕಾಲದ ಪರಾಕ್ರಮ ಹೇಳುವ ಹುಕಿಯಲ್ಲಿ ಆ ಶೂನ್ಯ ಗಣದ ವಾದ ಹೇಳಿದೆ. ಹೇಗೆ ಬಾಯಿ ಮುಚ್ಚಿಸಿದೆ ನೋಡು ಅಂದೆ. ಅವಳು ಹಪ್ಪಳ ಮುರಿಯುತ್ತ ಕೇಳಿದಳು.

“ಅಮ್ಮಮ್ಮ, ಶೂನ್ಯ ಗಣ ಇದ್ದು ಅಂತ ನಿಂಗೆ ಯಾರು ಹೇಳಿದ್ದು?”

“ಪುಸ್ತಕದಲ್ಲಿ ಇತ್ತಲೇ.”

“ಪುಸ್ತಕದಲ್ಲಿ ಒಪ್ಕಂಡಿದ್ದು ಅಷ್ಟೇ. ಸಾಧಿಸಿದವು ಯಾರೂ ಇಲ್ಲೆ. ಅದು ಇದ್ದು ಅಂತ ಮೊದಲೇ ಒಪ್ಪಿರೆ ಮಾತ್ರ ನಿನ್ನ ವಾದ ನಿಲ್ತು. ಒಪ್ಪದೇ ಇಪ್ಪ ಜನವೂ ಇದ್ದ.”

ನನ್ನ ಕೈಯ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತಿತು. ಹಪ್ಪಳ ಕಪ್ಪಾಯಿತು. ಅವಳು ಹೇಳುತ್ತಾ ಹೋದಳು. ಒಂದೇ ವಸ್ತುವನ್ನು ಗಣ ಮಾಡುವುದು ಅಂದರೆ ಏನು ಮಾಡಿದ ಹಾಗೆ ಅಂತ ದೊಡ್ಡ ದೊಡ್ಡ ತಲೆಗಳು ಇವತ್ತಿಗೂ ಕಿತ್ತಾಡುತ್ತಿವೆಯಂತೆ. ಹತ್ತನ್ನು ಸೇರಿಸಿದರೆ ಗುಂಪು, ಒಂದನ್ನೇ ಸೇರಿಸುವುದು ಅಂದರೆ ನಮಗೇ ಅರ್ಥವಾಗಿಲ್ಲ ಅಂತ ಹೇಳುವವರೂ ಇದ್ದಾರಂತೆ. ಒಂದು ವಸ್ತುವೂ ಅದರ ಗಣವೂ ಒಂದೇ ಅಂತ ಇಟ್ಟುಕೊಂಡೇ ಪೂರ್ತಿ ಗಣಿತ ಕಟ್ಟಲು ಹೊರಟವರೂ ಇದ್ದಾರಂತೆ. ಲೆಕ್ಕಕ್ಕೆ ಅನುಕೂಲ ಅಂತ ಉಳಿದವರು ಪುಸ್ತಕದ ದಾರಿ ಹಿಡಿದಿದ್ದಾರೆ. ಅನುಕೂಲ ಅಂತ!

ಒಪ್ಪಿಕೊಂಡದ್ದು. ಈ ಮಾತು ನನ್ನನ್ನು ಬಿಡಲಿಲ್ಲ. ಬೆಟ್ಟದ ಹಾಗೆ ಅಲ್ಲಾಡದೆ ನಿಂತಿದೆ ಅಂತ ನಾನು ಅಂದುಕೊಂಡದ್ದು, ನಾಲ್ಕು ಜನ ಕೂತು ಹೀಗಿರಲಿ ಅಂತ ಒಪ್ಪಿಕೊಂಡದ್ದು. ಹಾಗಾದರೆ ನಾವಿಬ್ಬರು ಕೂತು ಬೇರೆ ಥರ ಒಪ್ಪಿಕೊಳ್ಳಬಹುದಿತ್ತಲ್ಲ. ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಒಂದು ಎಲೆ ಬರೀ ಎಲೆ ಅಂತ ನಾನು ಒಪ್ಪಿದ್ದರೆ ಗಣಿತಕ್ಕೆ ಏನೂ ಆಗುತ್ತಿರಲಿಲ್ಲ. ಅತ್ತೆ ತೆಗೆದಿಟ್ಟ ಹಪ್ಪಳ ಅವಳ ಬಾಯಿಗೆ ಸೇರುತ್ತಿತ್ತು.

ಫೋನಿನಲ್ಲಿ ಬರೆಯಲು ಕಲಿಸು ಅಂತ ಮೊಮ್ಮಗಳಿಗೆ ದುಂಬಾಲು ಬಿದ್ದದ್ದು ಇದಕ್ಕೇ. ಇಂಥದ್ದನ್ನು ಬಾಯಲ್ಲಿ ಹೇಳಿದರೆ ನನ್ನ ಗೆಳತಿ ನಡುವೆ ಬಾಯಿ ಹಾಕುತ್ತಾಳೆ. ಬರೆದರೆ ಪೂರ್ತಿ ಓದಲೇಬೇಕು. ಬೆಳಗ್ಗೆ ತಿಂಡಿ ಬಿಟ್ಟು ಕೂತು ಬರೆದು ಕಳಿಸಿದೆ. ಕಳಿಸಿದ ಮೇಲೆ ಓದಿದೆ. ನಾನು ಗಣ ಅಂತ ಒತ್ತಿದ ಕಡೆಯಲ್ಲೆಲ್ಲ ಫೋನು ಗಂಡ ಅಂತ ಮಾಡಿತ್ತು. ‘ನೀನು ಹೇಳಿದ್ದೇ ಸರಿ. ಏಕಾಂಶ ಗಂಡ ಅಂತ ಬೇರೆ ಏನೂ ಇಲ್ಲ. ಶೂನ್ಯ ಗಂಡ ಇದೆ ಅಂತ ನಾನು ಸುಮ್ಮನೆ ಒಪ್ಪಿಕೊಂಡಿದ್ದೆ.’

ಅವಳು ಮದುವೆಯಾದವಳಲ್ಲ. ಕೂಡಲೇ ಉತ್ತರ ಬಂತು: ‘ಶೂನ್ಯ ಗಂಡ ಖಂಡಿತ ಇದೆ ಮಾರಾಯ್ತಿ, ನಾನು ಸಂಸಾರ ಮಾಡಿದ್ದೇ ಅದರ ಜೊತೆ. ತಂಟೆ ಇಲ್ಲ.’

ನಾನು ಒಬ್ಬಳೇ ಬಿದ್ದು ಬಿದ್ದು ನಕ್ಕೆ. ನಕ್ಕು ಮುಗಿದ ಮೇಲೆ ತಪ್ಪು ತಿದ್ದಿ ಮತ್ತೆ ಕಳಿಸಿದೆ. ಒಂದು ಎಲೆ ಪಂಕ್ತಿಯಲ್ಲ, ನಾನು ಸೋತೆ, ಊಟಕ್ಕೆ ಬಾ ಅಂತ. ಅವಳು ಓದಿದಳು ಅಂತ ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಮತ್ತೊಂದು ದಿನ ಕಾದೆ. ಆಮೇಲೆ ಚೀಲ ಹಿಡಿದು ಬಸ್ಸು ಹತ್ತಿದೆ.

ಹೊಸನಗರದಲ್ಲಿ ಬಸ್ಸು ಬದಲಿಸುವಾಗ ನಮ್ಮ ಶಾಲೆಯ ಕಡೆ ಹೋಗುವ ರಸ್ತೆಯನ್ನು ಸುಮ್ಮನೆ ನೋಡಿದೆ, ಆ ಕಡೆ ಹೋಗಲಿಲ್ಲ. ತೀರ್ಥಹಳ್ಳಿಯಲ್ಲಿ ಅವಳು ತಮ್ಮನ ಮನೆಯಲ್ಲಿದ್ದಾಳೆ. ಬಾಗಿಲಲ್ಲೇ ಕೂತಿದ್ದಳು. ನನ್ನನ್ನು ಕಂಡು ಎದ್ದೇಳಲಿಕ್ಕೆ ಹೋಗಿ, ಕಷ್ಟವಾಗಿ, ಹಾಗೇ ಕೂತಳು. ಮುಖ ಚಿಕ್ಕದಾಗಿತ್ತು. ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತದೆ ಅಂತ ತೆಗೆದು ನೀರಿನ ಬಟ್ಟಲಲ್ಲಿ ಇಟ್ಟಿದ್ದಳು.

“ಬಂದ್ಯಾ? ಗಂಡನ್ನ ಹುಡುಕ್ಕೊಂಡು ಬಂದ್ಯಾ?”

“ಗಣನ್ನ ಹುಡುಕ್ಕೊಂಡು ಬಂದೆ. ಉತ್ತರ ಎಂತಕೆ ಕೊಡ್ಲಿಲ್ಲ?”

ಅವಳು ಸೆರಗಿನ ಅಂಚು ಎಳೆದುಕೊಂಡಳು. ನಾನು ಪಕ್ಕದಲ್ಲಿ ಕೂತೆ, ತರಬೇತಿಯಲ್ಲಿ ಚೀಲ ತಂದಿಟ್ಟುಕೊಂಡು ಕೂತ ಹಾಗೆ. ಮೊಮ್ಮಗಳು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕೊನೆಗೆ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ.

“ಅಲ್ವೇ, ಗೆರೆಯಾಚೆ ಕೂತವಳು ನೀನು. ನಮ್ಮತ್ತೆ ಪರವಾಗಿ ನೀನು ಎಂತಕೆ ವಾದ ಮಾಡ್ತಿದ್ದೆ?”

“ನಿಮ್ಮತ್ತೆ ಪರ ಅಂತ ಯಾರು ಹೇಳಿದ್ರು ನಿಂಗೆ?” ಅಂದಳು. “ಒಂದು ಎಲೆ ಬರೀ ಎಲೆ ಆದ್ರೆ, ನಾನು ಅವತ್ತು ಗೆಳತಿ ಮನೇಲಿ ಉಂಡು ಬಂದವಳು. ಅದು ಪಂಕ್ತಿ ಆದ್ರೆ, ಬೇರೆ ಪಂಕ್ತೀಲಿ ಕೂತು ಬಂದವಳು. ನಮ್ಮಮ್ಮ ಊಟ ಹೆಂಗಿತ್ತು ಅಂತ ಕೇಳಿದ್ಲು. ತಂಬುಳಿ ಭಾರಿ ಚೆನ್ನಾಗಿತ್ತಮ್ಮ ಅಂದೆ. ಹಂಗೇ ಇರ್ಲಿ ಅಂತಿದ್ದೆ ನಾನು. ನೀನು ಬಿಟ್ರೆ ತಾನೆ? ಅದು ಪಂಕ್ತಿನೇ, ಪಂಕ್ತಿನೇ ಅಂತ ದಿನಾ ಒಂದು ಲೆಕ್ಕ ಹಿಡ್ಕೊಂಡು ಬರ್ತಿದ್ದೆ.”

ಅವಳಿಗೆ ನ್ಯಾಯ ಮಾಡುತ್ತಿದ್ದೇನೆ ಅಂದುಕೊಂಡು ನಾನು ಮಾಡಿದ್ದು, ಆರಿಹೋಗಿದ್ದ ಗೆರೆಯನ್ನು ಮತ್ತೆ ಮತ್ತೆ ನೀರು ಅದ್ದಿ ಎಳೆದದ್ದು. ಅತ್ತೆ ಎಳೆದದ್ದು ಒಂದೇ ಸಲ.

ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಮೊಣಕೈಯಿಂದ ತಿವಿದಳು.

“ಅಳ್ಬೇಡ ಈಗ. ನಂಗೆ ಒಂದು ಎಲೆಯಾದ್ರೂ ಇತ್ತು. ನೀನು ಸೌಟು ಹಿಡ್ಕೊಂಡು ನಿಂತಿದ್ದೆ, ನಿಂಗೆ ಎಲೆನೇ ಇರ್ಲಿಲ್ಲ. ಶೂನ್ಯ ಗಣ ಅಂದ್ರೆ ನೀನೇ.”

“ನಾನು ಸೋತೆ ಕಣೇ” ಅಂದೆ. “ಬರೆದೂ ಹೇಳಿದೆ, ಬಾಯಲ್ಲೂ ಹೇಳ್ತಿದೀನಿ. ಒಂದು ಎಲೆ ಪಂಕ್ತಿ ಅಲ್ಲ. ನೀನು ಅವತ್ತು ಉಂಡು ಹೋದವಳು, ಅಷ್ಟೇ. ಈಗಾದ್ರೂ ಬಾ. ಅತ್ತೆ ಹೇಳಿಕೊಟ್ಟ ಹಂಗೇ ಹಪ್ಪಳ ಮಾಡಿಟ್ಟಿದೀನಿ.”

ಅವಳು ಬಟ್ಟಲಿನಲ್ಲಿ ಮುಳುಗಿದ್ದ ಹಲ್ಲನ್ನು ಒಮ್ಮೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೋಳು ವಸಡು ಪೂರ್ತಿ ಕಾಣುವ ಹಾಗೆ ನಕ್ಕಳು.

“ಸೋಲೋದಿತ್ತು ಅಂದ್ರೆ ನಂಗೆ ಹಲ್ಲಿದ್ದಾಗ್ಲೇ ಸೋಲ್ಬೇಕಿತ್ತು ಮಾರಾಯ್ತಿ! ಈಗ ನಿಮ್ಮನೆ ಹಪ್ಪಳನ ನಾನು ಎಂತದ್ರಲ್ಲಿ ಕಡೀಲಿ?”